ಬಲೆ ಎಳೆಯುವ ಜಾಗದಲ್ಲಿ ಕಡಲಾಮೆ

ನಾವುಂದ
೩ ಫೆಬ್ರವರಿ ೨೦೨೫

ದಿನಕರನಿಗೆ,

ಭೋಜ ಬರೆಯುವುದು. ಕಾಗದ ನೋಡಿ ಹೆದರಬೇಡ, ಯಾರೂ ಸತ್ತಿಲ್ಲ.

ಹನ್ನೊಂದು ವರ್ಷದ ಹಿಂದೆ ಕಡಲು ಕಾಯುವ ಬೊಬ್ಬರ್ಯನ ಗುಡಿಯೆದುರು ತೆಂಗಿನಕಾಯಿ ಮುಟ್ಟಿ ಹಾಕಿದ ಆಣೆ ನನಗೆ ಮರೆತಿಲ್ಲ. ನೀನು ನನ್ನೊಡನೆ, ನನ್ನ ಮನೆಯವರೊಡನೆ, ನನ್ನ ಬಲೆಯವರೊಡನೆ ಮಾತಾಡಬಾರದು. ನಿನ್ನ ಕಡೆಯವರೊಡನೆ ನಾನೂ ಹಾಗೆಯೇ. ಅದು ಬಾಯಿಮಾತಿಗೆ ಹಾಕಿದ ಆಣೆ, ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದು ಗುಡಿಯ ಪಾತ್ರಿಯವರು ಹೇಳಿದ್ದಾರೆ. ಕೇಳಿಯೇ ಕೂತಿದ್ದೇನೆ. ಫೋನ್ ಆಗದಂತೆ, ಅದೂ ಬಾಯಿಯೇ. ಇನ್ನು ವಾಟ್ಸಾಪಿನಲ್ಲಿ ಟೈಪು ಮಾಡುವಷ್ಟು ಸಪೂರ ಬೆರಳು ನನ್ನದಲ್ಲ. ಹಾಗಾಗಿ ಚಂದಯ್ಯನ ಮೀನಿನ ಟೆಂಪೊದಲ್ಲಿ ಈ ಕಾಗದ. ವಾಸನೆ ಬಂದರೆ ಸಹಿಸಿಕೊ.

ವಿಷಯ ಇಷ್ಟು. ಇವತ್ತು ಬೆಳಿಗ್ಗೆ ನಾವು ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಜಾಗಕ್ಕೆ ಹೋದರೆ ಹೊಯ್ಗೆಯ ಮೇಲೆ, ಮರಳೆಲ್ಲ ಎದ್ದು, ಟ್ರ್ಯಾಕ್ಟರ್ ಹೋದಂತೆ ಗುರುತು. ನೀರಿನಿಂದ ಬಂದು, ಒಂದು ಸುತ್ತು ಹಾಕಿ, ಮತ್ತೆ ನೀರಿಗೆ ಹೋಗಿದೆ. ಕಡಲಾಮೆ ಮೊಟ್ಟೆ ಇಟ್ಟುಹೋಗಿದೆ. ಎಲ್ಲಿ ಎಂದು ಕೇಳು. ಸರಿಯಾಗಿ ನಮ್ಮ ಹಗ್ಗ ದಡಕ್ಕೆ ಹತ್ತುವ ಜಾಗದಲ್ಲಿ. ಇಷ್ಟು ಉದ್ದದ ಕಡಲ ಕರೆಯಲ್ಲಿ ಅದಕ್ಕೆ ಬೇರೆ ಜಾಗ ಸಿಗಲಿಲ್ಲ. ಎರಡೂ ಕಡೆ ಬಂಡೆ; ನಾವು ಬಲೆ ಎಳೆಯುವುದಿದ್ದರೆ ಅಲ್ಲಿಯೇ ಎಳೆಯಬೇಕು.

ನೀನು ಪಡುಕೆರೆಯಲ್ಲಿ ಹುಡುಗರನ್ನು ಕಟ್ಟಿಕೊಂಡು ಆಮೆ ಮೊಟ್ಟೆ ಕಾಯುತ್ತೀ ಎಂದು ಪೇಪರಿನಲ್ಲಿ ಫೋಟೋ ನೋಡಿದ್ದೇನೆ. ಹೊಟ್ಟೆ ಬಂದಿದೆ ನಿನಗೆ. ಈಗ ನಾನು ಮಾಡಬೇಕಾದ್ದು ಎಂತ, ಬರೆ. ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ಒಂದು ಆಮೆಗಾಗಿ ನನ್ನ ಹೊಸ ಬಲೆಗೆ ಕತ್ತಿ ಹಾಕಿದವನು ನೀನು. ಹಿರಿಯರು ಗಂಟೆಗಟ್ಟಲೆ ಕೂತು ಕೈಯಿಂದ ಬಿಡಿಸಿ, ಕುಂಕುಮ ಇಟ್ಟು ಬಿಡುತ್ತಿದ್ದರೇ ಹೊರತು ಬಲೆಗೆ ಕಬ್ಬಿಣ ತಾಗಿಸಿದವರಲ್ಲ.

ಭೋಜ


ಕೋಟ ಪಡುಕೆರೆ
೪ ಫೆಬ್ರವರಿ ೨೦೨೫

ಪ್ರೀತಿಯ ಭೋಜ,

‘ಪ್ರೀತಿಯ’ ಎಂದು ಬರೆಯುವುದಕ್ಕೆ ಪಾತ್ರಿಯವರ ಒಪ್ಪಿಗೆ ಇದೆಯೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ.

ಚಂದಯ್ಯ ಕಾಗದ ಕೊಟ್ಟಾಗ ಮೊದಲು ನಂಬಲಿಲ್ಲ. ನಿನ್ನ ಅಕ್ಷರ ಈಗಲೂ ಏಡಿ ನಡೆದ ಹಾಗೆಯೇ ಇದೆ. ಒಂದಲ್ಲ, ಮೂರು ಸಲ ಓದಿದೆ.

ಮೊಟ್ಟೆಯನ್ನು ಮುಟ್ಟಬೇಡ. ಬೇರೆ ಕಡೆ ಇಡುವ ಯೋಚನೆ ಯಾರಾದರೂ ಹೇಳಿದರೆ ಒಪ್ಪಬೇಡ. ಇಟ್ಟು ಕೆಲವು ಗಂಟೆ ಕಳೆದ ಮೇಲೆ ಮೊಟ್ಟೆ ಮಗುಚಿದರೆ ಒಳಗಿನ ಜೀವ ಹೋಗುತ್ತದೆ. ನಿಮ್ಮ ಜಾಗ ನನಗೆ ಗೊತ್ತಿದೆಯಲ್ಲ, ಭರತದ ನೀರು ಅಷ್ಟು ಮೇಲೆ ಬರುವುದಿಲ್ಲ. ಇದ್ದಲ್ಲೇ ಇರಲಿ. ಸುತ್ತ ನಾಲ್ಕು ಗೂಟ ಹೊಡೆದು ಹಳೆಯ ಬಲೆ ಕಟ್ಟು, ಬುಡ ಹೊಯ್ಗೆಯೊಳಗೆ ಹುಗಿ. ನಾಯಿಗಳು ಅಡಿಯಿಂದ ತೋಡುತ್ತವೆ. ಆಮೆಯ ಗುರುತನ್ನು ಕಾಲಿನಿಂದ ಅಳಿಸಿಬಿಡು, ಮೊಟ್ಟೆ ಕದಿಯುವವರು ಅದನ್ನೇ ನೋಡಿಕೊಂಡು ಬರುತ್ತಾರೆ. ಅರಣ್ಯ ಇಲಾಖೆಗೆ ನಾನು ಫೋನ್ ಮಾಡಿದ್ದೇನೆ, ಗಾರ್ಡ್ ಬಂದು ನೋಡುತ್ತಾರೆ. ಮೇಲೆ ಚಪ್ಪರ ಹಾಕಬೇಡ. ಬಿಸಿಲು ಬೇಕು, ಅದೇ ಅದರ ಕಾವು. ಏಳು ವಾರ ಕಳೆಯಬೇಕು. ಕೊನೆಗೆ ಹೊಯ್ಗೆ ಸ್ವಲ್ಪ ಕುಸಿದು ಬಟ್ಟಲಿನಂತೆ ಕಂಡರೆ ಮರಿಗಳು ಒಳಗೆ ಹೊರಟಿವೆ ಎಂದು ತಿಳಿ. ನಿಮ್ಮಲ್ಲಿ ಬೀದಿದೀಪ ಇಲ್ಲ, ಹೋಟೆಲಿಲ್ಲ. ಅದೊಂದು ಚಿಂತೆ ನಿನಗಿಲ್ಲ.

ಕಷ್ಟ ಇರುವುದು ಬೇರೆಯದು. ಏಳು ವಾರ ಆ ಜಾಗದಲ್ಲಿ ಹಗ್ಗ ಎಳೆಯುವ ಹಾಗಿಲ್ಲ. ಇಷ್ಟು ಮನೆಯವರು ಅದನ್ನೇ ನಂಬಿ ಕೂತಿರುವಾಗ ಈ ಮಾತು ಬರೆಯಲು ನನಗೆ ಸುಲಭವಲ್ಲ. ಎಳೆಯಬೇಡಿ ಎಂದು ಹೇಳಲು ನಾನು ಯಾರು? ಆದರೆ ನೀನು ಕೇಳಿದೆ, ನಾನು ಹೇಳಿದ್ದೇನೆ.

ಬಲೆಗೆ ಕತ್ತಿ ಹಾಕಿದ್ದು ಹೌದು. ಅದರ ಕತ್ತು ಸಿಕ್ಕಿಕೊಂಡಿತ್ತು, ಗಂಟೆಗಟ್ಟಲೆ ಕೂರುವ ಹಾಗಿರಲಿಲ್ಲ. ಹನ್ನೊಂದು ವರ್ಷ ಆಯಿತು, ಈಗಲೂ ನನ್ನ ಉತ್ತರ ಅದೇ.

ನಿನ್ನ
ದಿನಕರ


ನಾವುಂದ
೧೧ ಫೆಬ್ರವರಿ ೨೦೨೫

ದಿನಕರನಿಗೆ,

ಬೇಲಿ ಆಯಿತು. ಗಾರ್ಡ್ ಬಂದು ಹೋದರು. ನೀನು ಬರೆದದ್ದನ್ನೇ ಹೇಳಿದರು, ನೀನು ಬರೆದಷ್ಟು ಉದ್ದ ಹೇಳಲಿಲ್ಲ.

ಬಲೆಯವರನ್ನೆಲ್ಲ ಕೂರಿಸಿ ವಿಷಯ ಇಟ್ಟೆ. ಆಮೇಲೆ ಬಚ್ಚ ಎದ್ದ. ನಮ್ಮ ಬಲೆಯಲ್ಲಿ ಅವನ ತೋಳಿಗೂ ಬಾಯಿಗೂ ಇರುವ ಬಲ ಬೇರೆ ಯಾರಿಗೂ ಇಲ್ಲ. “ತಂಡೇಲ್ರೇ, ಆಮಿ ಮೊಟ್ಟಿಗೆ ಕಾವು ಕೊಡುಕ್ ನಾವ್ ಎಂತ ಕೋಳಿಯಾ?” ಎಂದು ಕೇಳಿದ. ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಬಲೆ ನಡೆಸುವ ತಂಡೇಲನಾದವನು ಅಂಥ ಹೊತ್ತಿನಲ್ಲಿ ನಗುವ ಹಾಗಿಲ್ಲ.

ನನ್ನ ಅಕ್ಕ ಅಪ್ಪಿ ಅಲ್ಲೇ ಮೀನು ಒಣಗಿಸುತ್ತಿದ್ದಳು. ಅವಳು ಕೂತಲ್ಲಿಂದಲೇ ಹೇಳಿದಳು: “ಬಚ್ಚಾ, ನಿನ್ನ್ ಹೆರುಕೆ ನಿನ್ನ್ ಅಬ್ಬಿ ಹೊಯ್ಗಿ ಮೇಲೆ ಬಂದ್ರೆ ಹಗ್ಗ ಎಳಿತಿದ್ಯಾ?” ಬಚ್ಚ ಕೂತುಬಿಟ್ಟ. ಅಕ್ಕನ ಒಣಮೀನಿನ ಚಾಪೆಗಳು ಬೇಲಿಯ ಪಕ್ಕವೇ ಇದ್ದವು. ಮೀನಿಗೆ ನಾಯಿ ಬರುತ್ತದೆ ಎಂದು ಅವಳೇ ಎಲ್ಲ ಮಡಚಿ ದೂರ ಹೊತ್ತುಕೊಂಡು ಹೋದಳು. ಯಾರೂ ಹೇಳಿದ್ದಲ್ಲ.

ಈಗ ಸರದಿಯ ಮೇಲೆ ಕಾಯುತ್ತಿದ್ದಾರೆ. ಬಲೆ ಎಳೆಯುವುದಕ್ಕೆ ಹೇಗೂ ಸರದಿ ಇದೆಯಲ್ಲ, ಅದನ್ನೇ ಇದಕ್ಕೂ ಹಾಕಿದೆ.

ಭೋಜ


ನಾವುಂದ
೨ ಮಾರ್ಚ್ ೨೦೨೫

ದಿನಕರ,

ನಿನ್ನೆ ನಡೆದದ್ದನ್ನು ನಿನಗೆ ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ.

ಬೆಳಿಗ್ಗೆ ಬಂಗುಡೆ ಬಂತು. ಎಂಥ ಬಂಗುಡೆ ಮಾರಾಯಾ. ಸರಿಯಾಗಿ ಬೇಲಿಯ ಎದುರಿನ ನೀರು ಕಪ್ಪಾಗಿ ಕುದಿಯುತ್ತಿತ್ತು. ಈ ವರ್ಷ ಬಲೆ ಎಷ್ಟು ಸಲ ಖಾಲಿ ಬಂದಿದೆ ಎಂದು ನಿನಗೆ ಬರೆದಿಲ್ಲ, ಬರೆಯುವುದೂ ಇಲ್ಲ. ಎಲ್ಲರೂ ಓಡಿಬಂದರು, ದೋಣಿಗೆ ಬಲೆ ಹೇರಿಯಾಯಿತು. ಬಲೆ ಬಿಟ್ಟು, ಎರಡೂ ಕಡೆಯ ಹಗ್ಗ ತಂದು ನೆಟ್ಟಗೆ ಎಳೆದರೆ ಹೊಟ್ಟೆ ತುಂಬ ಮೀನು. ಆದರೆ ಬಡಗಿನ ಹಗ್ಗ ಬೇಲಿಯ ಮೇಲೆಯೇ ಹಾಯುತ್ತದೆ. ಅಷ್ಟು ಜನ ಅಷ್ಟು ಭಾರ ಎಳೆಯುವಾಗ ಹೊಯ್ಗೆಯೊಳಗಿನ ಮೊಟ್ಟೆ ಉಳಿಯುವುದುಂಟಾ?

ಎಲ್ಲರ ಕಣ್ಣು ನನ್ನ ಮೇಲೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನಿನ್ನನ್ನೂ ಬೈದೆ, ಆಮೆಯನ್ನೂ ಬೈದೆ. ಆಮೇಲೆ ತೆಂಕು ಬದಿಗೆ, ಬಂಡೆಯ ಹತ್ತಿರ ಎಳೆಯುವ ಎಂದೆ. ಬಚ್ಚ ತಲೆಯ ಮುಂಡಾಸು ಬಿಚ್ಚಿ ನೆಲಕ್ಕೆ ಬಿಸಾಡಿದ. “ಬಂಡಿಗ್ ಬಲಿ ಸಿಕ್ಕಿ ಹರಿತ್ತ್, ಕಾಣಿ ಬೇಕಾರೆ” ಎಂದ. ಎಂದವನೇ ಹೋಗಿ ಹಗ್ಗದ ತಲೆಗೆ ನಿಂತ.

ಅವನು ಹೇಳಿದ ಹಾಗೆಯೇ ಆಯಿತು. ಬಲೆ ಬಂಡೆಗೆ ಸಿಕ್ಕಿ ಹರಿಯಿತು. ಅರ್ಧಕ್ಕಿಂತ ಹೆಚ್ಚು ಮೀನು ನಮ್ಮ ಕಣ್ಣೆದುರೇ ಹೊರಟುಹೋಯಿತು. ಅವರಿಂದ ಒಂದು ಮಾತು ಕೇಳಬೇಕಾದೀತು ಎಂದು ಕಾದೆ. ಬೈಯಲಿ, ತಂಡೇಲನ ಕೆಲಸದಿಂದ ಇಳಿಸಲಿ ಎಂದು ತಯಾರಾಗಿಯೇ ನಿಂತಿದ್ದೆ. ಅವರು ಹರಿದ ಬಲೆ ಮಡಚಿದರು. ಸಿಕ್ಕ ಮೀನು ಪಾಲು ಮಾಡಿಕೊಂಡರು. ಮಧ್ಯಾಹ್ನದ ಬಿಸಿಲಿಗೆ ನೋಡುತ್ತೇನೆ, ಬಚ್ಚ ಬೇಲಿಯ ಹತ್ತಿರ ಕೋಲು ಹಿಡಿದು ನಾಯಿ ಓಡಿಸುತ್ತಿದ್ದಾನೆ. ಅವನ ಸರದಿ ನಿನ್ನೆ ಅಲ್ಲ. ನನ್ನನ್ನು ಕಂಡು, “ಇಷ್ಟ್ ಕಷ್ಟ ಬಂಗ ಬಂದ್ ಆಯ್ತಲೆ, ಇನ್ನ್ ನಾಯಿಗೆ ಕೊಡುಕಾತ್ತಾ?” ಎಂದ.

ಇಂಥವರ ಜೊತೆ ನಲವತ್ತು ವರ್ಷ ಹಗ್ಗ ಎಳೆದಿದ್ದೇನೆ, ಇವರು ಇಂಥವರು ಎಂದು ನನಗೆ ಗೊತ್ತಿರಲಿಲ್ಲ.

ಭೋಜ


ಕೋಟ ಪಡುಕೆರೆ
೫ ಮಾರ್ಚ್ ೨೦೨೫

ಪ್ರೀತಿಯ ಭೋಜ,

ನಿನ್ನ ಕಾಗದವನ್ನು ನಮ್ಮ ಹುಡುಗರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮುಗಿದ ಮೇಲೆ ಯಾರೂ ಏಳಲಿಲ್ಲ. ಇನ್ನೊಮ್ಮೆ ಓದಿ ಎಂದರು.

ನಮಗೆ ಇಲ್ಲಿ ಜನ ಶಾಲು ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ. ನಾವು ಕಾಯುವುದು ಖಾಲಿ ಹೊಯ್ಗೆಯನ್ನು ಭೋಜ. ನಿದ್ದೆ ಬಿಟ್ಟದ್ದು ಬಿಟ್ಟರೆ ನಮಗೆ ಹೋದದ್ದು ಏನೂ ಇಲ್ಲ. ನೀವು ಉಣ್ಣುವ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕಾದವರು. ನಾನು ಇಷ್ಟು ವರ್ಷ ಮಾಡಿದ್ದೆಲ್ಲ ನಿನ್ನ ಬಚ್ಚನ ಆ ಒಂದು ಮಧ್ಯಾಹ್ನದ ಮುಂದೆ ದೊಡ್ಡದಲ್ಲ. ಅವನಿಗೆ ಹೇಳು ಎಂದು ಬರೆಯಬಹುದಲ್ಲ, ಆಣೆ ಅದಕ್ಕೆ ಅಡ್ಡ ಬರುವುದಿಲ್ಲ ಎಂದುಕೊಂಡಿದ್ದೇನೆ. ಅಪ್ಪಿಯಕ್ಕನಿಗೂ ಹೇಳು. ಅವರ ಕೈಯ ಬಂಗುಡೆ ಸಾರು ಉಂಡು ಹನ್ನೊಂದು ವರ್ಷ ಆಯಿತು.

ಮಗ ಸುಜಯ್ ಈಗ ಮಲ್ಪೆಯ ಆಳಸಮುದ್ರದ ಬೋಟಿನಲ್ಲಿ ಇದ್ದಾನೆ. ಒಮ್ಮೆ ಹೋದರೆ ಹತ್ತು ಹನ್ನೆರಡು ದಿನ ಪತ್ತೆ ಇಲ್ಲ. ನೀನು ಹೆಗಲ ಮೇಲೆ ಕೂರಿಸಿ ಗಂಗೊಳ್ಳಿ ಬಂದರು ತೋರಿಸುತ್ತಿದ್ದ ಹುಡುಗ ಈಗ ನನಗಿಂತ ಎತ್ತರ. ನಾನು ಆಣೆಯ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಕೂತಿರುವುದು ಹಟಕ್ಕೆ ಎಂದು ನೀನು ತಿಳಿದಿರಬಹುದು. ಮಗ ನೀರಿನ ಮೇಲೆ ಇರುವಾಗ ಬೊಬ್ಬರ್ಯನ ಎದುರು ಕೊಟ್ಟ ಮಾತು ತಪ್ಪಲು ಧೈರ್ಯ ಬರುವುದಿಲ್ಲ, ಅಷ್ಟೇ.

ನಿನ್ನ
ದಿನಕರ


ನಾವುಂದ
೨೦ ಮಾರ್ಚ್ ೨೦೨೫

ದಿನಕರ,

ಹೊಯ್ಗೆ ಕುಸಿದಿದೆ. ನೀನು ಬರೆದ ಹಾಗೆಯೇ, ಬಟ್ಟಲಿನಂತೆ. ಊರಿಗೆ ಊರೇ ನೋಡಿಹೋಯಿತು. ಆಸ್ಪತ್ರೆಯಲ್ಲಿ ಹೆರಿಗೆಗೆ ಕಾಯುವವರಿಗೂ ಇಷ್ಟು ಗಡಿಬಿಡಿ ಇರಲಿಕ್ಕಿಲ್ಲ.

ಒಂದು ಸಂತೋಷದ ವಿಷಯ. ಕೂರ್ಮಾವತಾರದ ದೇವರು ಬಾಗಿಲಿಗೆ ಬಂದಾಗ ಕತ್ತಲೆಯಲ್ಲಿ ಇಡುವುದು ಸರಿಯಲ್ಲ ಎಂದು ಅಪ್ಪಿಯಕ್ಕ ಕಳೆದ ವಾರದಿಂದ ಮುಸ್ಸಂಜೆಗೆ ಬೇಲಿಯ ಹತ್ತಿರ ಒಂದು ದೀಪ ಇಡುತ್ತಿದ್ದಾಳೆ. ಅದನ್ನು ನೋಡಿ ಹೆಂಗಸರೆಲ್ಲ ಒಂದೊಂದು ತರಲು ಶುರುಮಾಡಿದರು. ಈಗ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೇವೆ. ಸೋಮವಾರ ಸಂಜೆ ಭಜನೆ ಇಡುವುದು, ಮೈಕು ತರಿಸುವುದು, ಬೇಲಿಯಿಂದ ತೆಂಗಿನ ಮರದವರೆಗೆ ಸಾಲು ದೀಪ ಹಚ್ಚುವುದು. ಮರಕ್ಕೆ ಬಣ್ಣದ ಬಲ್ಬಿನ ಸರವನ್ನು ಬಚ್ಚ ತರುತ್ತಾನೆ. ಮರಿಗಳು ಬೆಳಕಿನಲ್ಲಿ ಹುಟ್ಟಿ ಬೆಳಕಿನಲ್ಲಿ ನೀರಿಗೆ ಹೋಗಲಿ. ನಿಮ್ಮ ಪಡುಕೆರೆಯವರು ಇಷ್ಟು ಚಂದ ಮಾಡಿರಲಿಕ್ಕಿಲ್ಲ.

ನೀನು ಬರುವುದಾದರೆ ಬಾ. ದೂರ ನಿಂತು ನೋಡಿ ಹೋಗು. ಮಾತಾಡುವ ಅಗತ್ಯ ಇಲ್ಲ. ನಾನು ಅತ್ತ ಮುಖ ಮಾಡಿಯೇ ಇರುತ್ತೇನೆ.

ಭೋಜ


ನಾವುಂದ
೨೫ ಮಾರ್ಚ್ ೨೦೨೫

ದಿನಕರ,

ಹೇಗೆ ಶುರುಮಾಡುವುದು ಎಂದು ತಿಳಿಯುತ್ತಿಲ್ಲ. ಎರಡು ಹಾಳೆ ಹರಿದೆ.

ನಿನ್ನೆ ನೀನು ಬರುವ ಮೊದಲಿನದ್ದು ನಿನಗೆ ಗೊತ್ತಿಲ್ಲ. ಸೂರ್ಯ ಮುಳುಗಿ ದೀಪ ಹಚ್ಚಿ ಭಜನೆ ಶುರುವಾಗಿತ್ತು. ಹೊಯ್ಗೆ ಅಲುಗಾಡಿತು. ಮೊದಲು ಒಂದು ಮೂಗು, ಆಮೇಲೆ ಒಂದು ಕೈ, ಆಮೇಲೆ ಕುದಿಯುವ ಅನ್ನದಂತೆ ಒಂದರ ಮೇಲೊಂದು ಮರಿಗಳು. ಹೆಂಗಸರು ಅಳುತ್ತಿದ್ದರು. ನನಗೂ ಅಳು ಬಂತು. ನೀರಿನ ಕಡೆಯ ಬೇಲಿ ತೆಗೆದೆವು. ಆದರೆ ಮರಿಗಳು ನೀರಿನ ಕಡೆ ತಿರುಗಲೇ ಇಲ್ಲ. ಎಲ್ಲವೂ ದೀಪದ ಕಡೆ, ತೆಂಗಿನ ಮರದ ಕಡೆ ಹೊರಟವು. ದೇವರ ಮರಿಗಳು, ದೀಪಕ್ಕೆ ನಮಸ್ಕಾರ ಮಾಡಲು ಬರುತ್ತಿವೆ ಎಂದು ಯಾರೋ ಹೇಳಿದರು. ಅದನ್ನು ನಾನೂ ನಂಬಿದೆ. ಭಜನೆ ಇನ್ನೂ ಜೋರಾಯಿತು.

ಆಗ ನೀನು ಬಂದೆ. ತೆಂಗಿನ ಮರದ ಹಿಂದೆ ನಿನ್ನ ಸ್ಕೂಟರ್ ಬಿದ್ದದ್ದು ಕಂಡಿತು. ಓಡಿಬಂದವನು ಥಟ್ಟನೆ ನಿಂತೆ. ನಾನು ಮಾತು ಕೊಟ್ಟ ಹಾಗೆ ಅತ್ತ ಮುಖ ಮಾಡಿ ಓರೆಗಣ್ಣಿನಲ್ಲಿ ನೋಡಿದೆ. ನೀನು ಕೈ ಬೀಸುತ್ತಿದ್ದೆ, ಬಾಯಿಗೆ ಕೈ ಅಡ್ಡ ಹಿಡಿದಿದ್ದೆ. ಕುಣಿಯುತ್ತಿದ್ದೀ ಎಂದು ತಿಳಿದು ಬಚ್ಚನೂ ಕೈ ಬೀಸಿದ. ನೀನೇ ಬಗ್ಗಿ ಒಂದು ದೀಪ ಊದಿದೆ, ಇನ್ನೊಂದು ಊದಿದೆ. ದೇವರ ದೀಪ ಆರಿಸುತ್ತಾನೆ ಎಂದು ಹೆಂಗಸರು ಗಲಾಟೆ ಎಬ್ಬಿಸಿ ನಿನ್ನ ಕೈ ಹಿಡಿದರು. ಅಷ್ಟರಲ್ಲಿ ಒಂದು ಮರಿ ಹಣತೆಯ ಬಿಸಿ ಎಣ್ಣೆಗೆ ಬಿತ್ತು.

“ಭೋಜಾ, ದೀಪ ಆರ್ಸ್ ಮಾರಾಯಾ! ದೀಪ ಕಂಡ್ ಕಡ್ಲ್ ಅಂದ್ಕಂಡ್ ಬತ್ತೊ ಅವ್. ಸಾಯ್ತೊ ಎಲ್ಲಾ!”

ಹನ್ನೊಂದು ವರ್ಷದ ಮೇಲೆ ನಿನ್ನ ದನಿ. ಮೈಕಿಗಿಂತ ಮೇಲೆ ಕೇಳಿಸಿತು.

ಆಮೇಲೆ ನಡೆದದ್ದು ನಿನಗೆ ಗೊತ್ತಿದೆ, ಆದರೂ ಬರೆಯುತ್ತೇನೆ, ಬರೆದರೆ ಮನಸ್ಸಿಗೆ ಸಮಾಧಾನ. ಮೊದಲು ದೀಪ ಆರಿಸಿದವಳು ಅಪ್ಪಿಯಕ್ಕ, ಬರಿಗೈಯಿಂದ. ಅಂಗೈ ಸುಟ್ಟಿದೆ, ಮುಲಾಮು ಹಚ್ಚಿದ್ದೇವೆ. ಬಚ್ಚ ಬಲ್ಬಿನ ಸರವನ್ನು ಕಿತ್ತು ಎಳೆದ. ಆದರೂ ಹಿಂದೆ ಹೆದ್ದಾರಿಯ ಲಾರಿಗಳ ಬೆಳಕು ಬಂದುಬಂದು ಹೋಗುತ್ತಿತ್ತು. ನೀನು ಎರಡೂ ಕೈ ಚಾಚಿ ತೋರಿಸಿದೆ. ಬಲೆ ಎಳೆಯುವವರಿಗೆ ಅಷ್ಟು ಸಾಕು. ತೆಂಕು ಹಗ್ಗದವರು ತೆಂಕಿಗೆ, ಬಡಗು ಹಗ್ಗದವರು ಬಡಗಿಗೆ, ಮರಿಗಳ ಹಿಂದಿನಿಂದ ನೀರಿನವರೆಗೆ ಎರಡು ಸಾಲು. ಹಗ್ಗ ಇಲ್ಲ, ಬಲೆ ಇಲ್ಲ. ಹೆಂಗಸರು ಹಿಂದೆ ಸೆರಗು ಬಿಡಿಸಿ ಬೆಳಕಿಗೆ ಅಡ್ಡ ನಿಂತರು. ಯಾರೂ ಕಾಲು ಅಲುಗಿಸಲಿಲ್ಲ. ಮರಿಗಳು ಸ್ವಲ್ಪ ಹೊತ್ತು ಗಲಿಬಿಲಿಯಾಗಿ ಸುತ್ತಿದವು. ಆಮೇಲೆ ಒಂದು ತಿರುಗಿತು. ಆಮೇಲೆ ಎಲ್ಲವೂ ತಿರುಗಿ ನಮ್ಮ ಕಾಲುಗಳ ನಡುವೆ ನೀರಿಗೆ ಹೋದವು. ಎಣ್ಣೆಗೆ ಬಿದ್ದದ್ದು ಒಂದು, ಮೊದಲೇ ಕಾಲಿಗೆ ಸಿಕ್ಕಿದ್ದು ಎರಡು. ಸತ್ತದ್ದು ಈ ಮೂರು; ಉಳಿದದ್ದೆಲ್ಲ ನೀರು ಸೇರಿತು.

ಒಂದು ಸಾಲಿನ ತಲೆಗೆ ನಾನು, ಇನ್ನೊಂದಕ್ಕೆ ನೀನು. ನೀನು ನನ್ನನ್ನು ನೋಡುತ್ತಿದ್ದೆ. ನಾನು ಉತ್ತರ ಕೊಡಲಿಲ್ಲ, ನೀನು ಹಾಗೆಯೇ ಸ್ಕೂಟರ್ ಎತ್ತಿಕೊಂಡು ಹೋದೆ. ಸಿಟ್ಟಿನಿಂದ ಸುಮ್ಮನಿದ್ದದ್ದು ಎಂದು ತಿಳಿದುಕೊಂಡು ಹೋಗಿದ್ದರೆ ನಾನು ಸತ್ತ ಹಾಗೆ. ನೀನು ಆಣೆ ಮುರಿದಾಗಿತ್ತು, ನಾನೂ ಮುರಿದರೆ ಪೂರ್ತಿ ಮುರಿದು ನಿನ್ನ ಮನೆಗೆ ಇನ್ನಷ್ಟು ತಾಗಿದರೆ ಎಂದು ಹೆದರಿ ಬಾಯಿ ಕಚ್ಚಿ ನಿಂತೆ.

ಸುಜಯ್ ಎಲ್ಲಿದ್ದಾನೆ? ಬೋಟು ಬಂತಾ? ಅದೊಂದು ಬರೆ. ಬೇರೇನೂ ಬೇಡ.

ಭೋಜ


ಕೋಟ ಪಡುಕೆರೆ
೨೭ ಮಾರ್ಚ್ ೨೦೨೫

ಪ್ರೀತಿಯ ಭೋಜ,

ಬಂದಿಲ್ಲ.

ಚಂದಯ್ಯ ಯಾವುದೋ ಮದುವೆಗೆ ಹೋಗಿ ನಿನ್ನ ಹಿಂದಿನ ಕಾಗದವನ್ನು ಸೋಮವಾರ ಸಂಜೆ ಕೊಟ್ಟ. ಕೊಟ್ಟವನು ಉಡುಪಿ ಕಡೆ ಹೊರಟುಹೋದ. ಓದಿದ ಕೂಡಲೇ ಗಾರ್ಡಿಗೆ ಫೋನ್ ಮಾಡಿದೆ, ಸಿಗಲಿಲ್ಲ. ದೀಪ ಹಚ್ಚಬೇಡಿ ಎಂದು ನಿನಗೆ ಮೊದಲೇ ಬರೆಯಬೇಕಿತ್ತು. ಬೀದಿದೀಪ ಇಲ್ಲದ ಜಾಗ ಎಂದು ನೆಮ್ಮದಿಯಾಗಿದ್ದೆ. ನಿಮ್ಮ ಭಕ್ತಿ ನನ್ನ ಯೋಚನೆಗೆ ಬರಲೇ ಇಲ್ಲ.

ದಾರಿಯುದ್ದಕ್ಕೂ ಮಾತಾಡುವುದಿಲ್ಲ, ಕೈಸನ್ನೆ ಮಾಡುತ್ತೇನೆ ಎಂದೇ ಅಂದುಕೊಂಡು ಬಂದೆ. ಆ ಮರಿ ಎಣ್ಣೆಗೆ ಬಿದ್ದಾಗ ಬಾಯಿ ನನ್ನ ಮಾತು ಕೇಳಲಿಲ್ಲ. ಮಾತಾಡಿದ್ದಕ್ಕೆ ಬೇಸರ ಇಲ್ಲ. ಹೆದರಿಕೆ ಇದೆ. ಇವತ್ತು ಗಾಳಿ ಜೋರಿದೆ ಎಂದು ಬಂದರಿನಲ್ಲಿ ಹೇಳುತ್ತಿದ್ದಾರೆ. ಬೋಟಿನವರ ಫೋನ್ ಎರಡು ದಿನದಿಂದ ಸಿಗುತ್ತಿಲ್ಲ. ಮನೆಯಲ್ಲಿ ನಾನು ಮಾತಾಡಿದ್ದನ್ನು ಹೇಳಿಲ್ಲ.

ನೀನು ಉತ್ತರ ಕೊಡದಿದ್ದದ್ದು ಒಳ್ಳೆಯದಾಯಿತು. ಆದರೆ ನಿನ್ನ ಮುಖ ನೋಡಿದೆ. ಸಿಟ್ಟು ಎಂದು ತಿಳಿಯುವಷ್ಟು ದಡ್ಡ ನಾನಲ್ಲ.

ಆ ಎರಡು ಸಾಲು ನಿಂತದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹತ್ತು ವರ್ಷ ನಮ್ಮ ಹುಡುಗರಿಗೆ ಕಲಿಸಿದ್ದೇನೆ, ಅಷ್ಟು ಬೇಗ, ಅಷ್ಟು ಸುಮ್ಮನೆ ನಿಲ್ಲಲು ಅವರಿಗೆ ಈಗಲೂ ಬರುವುದಿಲ್ಲ.

ನಿನ್ನ
ದಿನಕರ


ನಾವುಂದ
೩೧ ಮಾರ್ಚ್ ೨೦೨೫

ದಿನಕರ,

ಚಂದಯ್ಯನಿಗೆ ಹೇಳಿದ್ದೇನೆ, ಈ ಕಾಗದ ಇವತ್ತೇ ಮುಟ್ಟದಿದ್ದರೆ ನಮ್ಮ ದಡದ ಮೀನು ಅವನ ಟೆಂಪೊ ಹತ್ತುವುದಿಲ್ಲ ಎಂದು.

ನಿನ್ನೆ ಗುಡಿಯಲ್ಲಿ ದರ್ಶನ ಇತ್ತು. ನಿನ್ನ ಹೆಸರಿನಲ್ಲಿ ತಪ್ಪುಕಾಣಿಕೆ ತೆಗೆದುಕೊಂಡು ನಾನು ಹೋದೆ. ಒಬ್ಬನೇ ಹೋದದ್ದು, ಆದರೆ ಗುಡಿಯ ಹತ್ತಿರ ನೋಡಿದರೆ ಬಚ್ಚ ಮಿಂದು ಬಿಳಿ ಪಂಚೆ ಉಟ್ಟು ನಿಂತಿದ್ದಾನೆ. ಅಪ್ಪಿಯಕ್ಕ ಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದಾಳೆ. ನಮ್ಮ ಬಲೆಯವರೆಲ್ಲ ಬಂದಿದ್ದರು. ನಾನು ಕರೆದಿರಲಿಲ್ಲ.

ಪಾತ್ರಿಯವರ ಮೈಮೇಲೆ ಬೊಬ್ಬರ್ಯ ಬಂದಾಗ ನಾನು ಎಲ್ಲವನ್ನೂ ಹೇಳಿದೆ. ದಿನಕರ ಆಣೆ ಮುರಿದದ್ದು ಹೌದು, ಅದರ ತಪ್ಪು ನನ್ನ ತಲೆಗೆ ಬರಲಿ, ಅವನ ಹುಡುಗ ನೀರಿನ ಮೇಲೆ ಇದ್ದಾನೆ ಎಂದೆ. ಆಮೇಲೆ ಬೊಬ್ಬರ್ಯನ ನುಡಿ ಆಯಿತು: “ಬಾಯಿಲ್ಲದ ಜೀವಕ್ಕೆ ಬೇಕಾಗಿ ಆಡಿದ ಮಾತು ನನ್ನ ಲೆಕ್ಕದಲ್ಲಿ ಇಲ್ಲ. ಆಣೆ ಮುರಿಯಲಿಲ್ಲ. ಕಾಣಿಕೆ ಹಿಂದೆ ತೆಗೆದುಕೊ. ಹುಡುಗ ನನ್ನವನು, ನಾನು ನೋಡಿಕೊಳ್ಳುತ್ತೇನೆ.”

ಎಲ್ಲರೂ ಕೈಮುಗಿದರು. ನನಗೆ ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಹಾಗಾದರೆ ಈ ಆಣೆಯನ್ನು ಈಗಲೇ ಬಿಡಿಸಿಕೊಡಬೇಕು ಎಂದು ಕೇಳಿದೆ. ಬೊಬ್ಬರ್ಯ ನಕ್ಕ. “ಕಟ್ಟಿದ್ದು ಇಬ್ಬರು, ಬಿಡಿಸಲು ಬಂದವನು ಒಬ್ಬ. ಬರುವ ವರ್ಷದ ಕೋಲಕ್ಕೆ ಇಬ್ಬರೂ ಒಟ್ಟಿಗೆ ಬನ್ನಿ. ಅಲ್ಲಿಯವರೆಗೆ ಆಣೆ ಆಣೆಯೇ.”

ಹಾಗಾದರೆ ಮರಿಗಳ ಕೆಲಸಕ್ಕೆ ಮಾತಾಡಬೇಕಾದರೆ ಎಂದು ಅಪ್ಪಿಯಕ್ಕ ಹಿಂದಿನಿಂದ ಕೇಳಿದಳು. ಅವಳ ಬಾಯಿ ನಿನಗೆ ಗೊತ್ತಲ್ಲ. “ಆಮೆಯ ಮಾತಿಗೆ ಅಡ್ಡಿಯಿಲ್ಲ” ಎಂದು ಅಪ್ಪಣೆಯಾಯಿತು. ಹೀಗಾಗಿ ಈಗ ನಮ್ಮ ಪರಿಸ್ಥಿತಿ ಏನೆಂದರೆ, ನಾನು ನಿನ್ನ ಹತ್ತಿರ ಆಮೆಯ ವಿಷಯ ಮಾತಾಡಬಹುದು, ಉಂಡೆಯಾ ಎಂದು ಕೇಳುವ ಹಾಗಿಲ್ಲ.

ಧೈರ್ಯವಾಗಿರು. ಅವನು ಬರುತ್ತಾನೆ.

ಭೋಜ


ಕೋಟ ಪಡುಕೆರೆ
೨ ಏಪ್ರಿಲ್ ೨೦೨೫

ಪ್ರೀತಿಯ ಭೋಜ,

ಇವತ್ತು ಬೆಳಿಗ್ಗೆ ಬಂದ. ಗಾಳಿಗೆ ಬೋಟನ್ನು ಬೇರೆ ಬಂದರಿಗೆ ಸೇರಿಸಿದ್ದರಂತೆ. ಫೋನಿನಲ್ಲಿ ಚಾರ್ಜ್ ಇರಲಿಲ್ಲವಂತೆ. ಬಾಗಿಲಲ್ಲಿ ನಿಂತು “ಅಪ್ಪಯ್ಯ, ಎಂತಾಯ್ತ್? ಮುಖ ಹೀಂಗೆ ಮಾಡ್ಕಂಡಿದ್ದ್ಯಲೆ?” ಎಂದು ನನ್ನನ್ನೇ ಕೇಳಿದ. ಅಪ್ಪಿಕೊಂಡು ಅತ್ತುಬಿಟ್ಟೆ. ಅವನಿಗೆ ಏನೂ ಅರ್ಥವಾಗಲಿಲ್ಲ.

ನೀನು ಗುಡಿಗೆ ಹೋದದ್ದನ್ನು, ನಿನ್ನ ತಲೆಗೆ ಬರಲಿ ಎಂದದ್ದನ್ನು ಅವನಿಗೆ ಹೇಳಿದೆ. ಅವನು ನಿನ್ನನ್ನು ನೋಡಲು ಬರುತ್ತಾನೆ. ಆದರೆ ಅವನೂ ನನ್ನ ಮನೆಯವನೇ, ಆಮೆಯ ವಿಷಯ ಮಾತ್ರ ಮಾತಾಡಬೇಕು ಎಂದು ಕಲಿಸಿ ಕಳುಹಿಸುತ್ತೇನೆ.

ನಿನ್ನ
ದಿನಕರ


ನಾವುಂದ
೧೬ ಜೂನ್ ೨೦೨೫

ಪ್ರೀತಿಯ ದಿನಕರ,

ಮಳೆ ಹಿಡಿದಿದೆ, ಕಡಲು ಎದ್ದಿದೆ. ಬಲೆ ಅಟ್ಟಕ್ಕೆ ಹೋಯಿತು. ಮೀನಿಲ್ಲದ ಮೇಲೆ ಚಂದಯ್ಯನ ಟೆಂಪೊ ಇಲ್ಲ, ಹಾಗಾಗಿ ಈ ಕಾಗದವನ್ನು ಅಂಚೆಗೆ ಹಾಕುತ್ತಿದ್ದೇನೆ. ಪೋಸ್ಟಿನವನು ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಕಾಗದ ಕಂಡದ್ದೇ ಇಲ್ಲವಂತೆ.

ಸುಜಯ್ ಬಂದಿದ್ದ. ಅರ್ಧ ದಿನ ಕೂತು ಆಮೆಯ ವಿಷಯ ಮಾತ್ರ ಮಾತಾಡಿದ. ಆಮೆಗೆ ಹಸಿವಾಗುತ್ತದಾ ಎಂದು ಅಪ್ಪಿಯಕ್ಕ ಕೇಳಿದಳು. ತುಂಬ ಹಸಿವಾಗುತ್ತದೆ ಎಂದ. ಅವನಿಗೆ ಎರಡು ಸಲ ಬಡಿಸಿದಳು.

ಮೊನ್ನೆಯಿಂದ ಮನೆಯೊಳಗೇ ಕೂತು ಯೋಚನೆ ಮಾಡುತ್ತಿದ್ದೇನೆ. ಕೋಲಕ್ಕೆ ಇನ್ನೂ ಎಷ್ಟೋ ತಿಂಗಳಿದೆ. ನನಗೆ ವಯಸ್ಸು ಅರವತ್ತೆರಡು, ನಿನಗೂ ಹತ್ತಿರ ಹತ್ತಿರ ಅಷ್ಟೇ. ಹನ್ನೊಂದು ವರ್ಷ ಸುಮ್ಮನಿದ್ದವನಿಗೆ ಎಂಟು ತಿಂಗಳು ದೊಡ್ಡದಲ್ಲ ಎಂದು ನೀನು ಹೇಳಬಹುದು. ದೊಡ್ಡದು ಮಾರಾಯಾ. ನಿನ್ನ ದನಿ ಒಮ್ಮೆ ಕೇಳಿದ ಮೇಲೆ ದೊಡ್ಡದು.

ಜೂನ್ ತಿಂಗಳಲ್ಲಿ ನಮ್ಮ ಕಡಲ ಕರೆಗೆ ಆಮೆ ಬರುವುದಿಲ್ಲ ಎಂದು ನನಗೆ ಗೊತ್ತಿದೆ, ನಿನಗೂ ಗೊತ್ತಿದೆ, ಬೊಬ್ಬರ್ಯನಿಗೂ ಗೊತ್ತಿದೆ. ಆದರೆ ಕೇಳಬಾರದು ಎಂದು ಯಾರೂ ಹೇಳಿಲ್ಲ. ಈ ಕಾಗದ ನಿನಗೆ ಮುಟ್ಟುವಷ್ಟು ದಿನ ಬಿಟ್ಟು ಬೆಳಿಗ್ಗೆ ಫೋನ್ ಮಾಡುತ್ತೇನೆ. ದಿನಾ ಮಾಡುತ್ತೇನೆ. ‘ಪಡುಕೆರೆಗೆ ಆಮೆ ಬಂತಾ’ ಎಂದು ಕೇಳುತ್ತೇನೆ. ನೀನು ಫೋನ್ ಎತ್ತು. ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬೇಡ.

ನಿನ್ನ
ಭೋಜ